ಸಿಕ್ಕಿದ ಹಾಗೆ

ಹೊದಿಕೆ ಎಳೆಯುವ ಮುಂಚೆ ನೆಡ್ರಾ ಕ್ಷಮೆ ಕೇಳಿದಳು. ಕೇಳಿದ್ದು ಧೂಳಿಗಾಗಿ. “ಬೇಸಿಗೇಲಿ ಅಪ್ಪ ತೀರಿ ಹೋದ್ಮೇಲೆ ಈ ಕೊಟ್ಟಿಗೆಗೆ ಯಾರೂ ಕಾಲಿಟ್ಟಿಲ್ಲ ಲೀಲಂಡ್, ಬೇಜಾರು ಮಾಡ್ಕೋಬೇಡ, ಒಂದು ನಿಮಿಷ ಮೂಗು ಮುಚ್ಕೋ,” ಅಂದಳು. ಅವಳ ಮನೆಯವರು, ರಪ್ ಮನೆತನದವರು, ಲೀಲಂಡನ ಹತ್ತಿರ ಕ್ಷಮೆ ಕೇಳುವುದು ಹೊಸದಲ್ಲ. ನಲವತ್ತಮೂರು ವರ್ಷದಿಂದ ಕೇಳುತ್ತಲೇ ಇದ್ದಾರೆ, ಒಬ್ಬರಾದ ಮೇಲೆ ಒಬ್ಬರು, ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ. ಅವನೂ ಪರವಾಗಿಲ್ಲ ಪರವಾಗಿಲ್ಲ ಅನ್ನುತ್ತಲೇ ಇದ್ದಾನೆ. ಈಗಲೂ ಅದೇ ಮಾತು ತಾನಾಗಿ ಬಾಯಿಗೆ ಬಂತು. ನೆಡ್ರಾ ಹೊದಿಕೆಯ ಒಂದು ತುದಿ ಹಿಡಿದಳು, ಇವನು ಇನ್ನೊಂದು ಹಿಡಿದ. ಹೊರಗೆ ಅಕ್ಟೋಬರ್ ಬೆಳಗಿನ ಬಿಸಿಲು, ಯಾರದೋ ಹೊಲದಲ್ಲಿ ಸೋಯಾ ಕೊಯ್ಯುವ ಯಂತ್ರದ ಸದ್ದು. ಒಳಗೆ ಹಳೇ ಎಣ್ಣೆ, ಒಣಹುಲ್ಲು, ಇಲಿಯ ವಾಸನೆ. ಹೊದಿಕೆ ಜಾರಿ ಬಿತ್ತು. ಧೂಳು ಎದ್ದು, ಹಲಗೆಯ ಸಂದಿನಿಂದ ಬಂದ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಕೆಳಗಿಳಿಯಿತು.

ಪೂರ್ತಿ ಗಾಡಿ ಅಲ್ಲ ಅದು. ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಏರಿಸಿಟ್ಟ ಬರೀ ಒಡಲು. ಮೈಗೆಲ್ಲ ಬೂದಿ ಬಳಿದುಕೊಂಡ ಹಾಗೆ ಅಡಿಬಣ್ಣ. ಗಾಜಿಲ್ಲ, ಸೀಟಿಲ್ಲ, ದೀಪಗಳಿರಬೇಕಾದ ಕಡೆ ತೂತು. ಅರವತ್ತೊಂಬತ್ತನೇ ಇಸವಿಯ ಪಾಂಟಿಯಾಕ್ ಜಿಟಿಓ; ಆ ಮೂರಕ್ಷರವನ್ನು ತಿರುಚಿ ಇಂಗ್ಲಿಷಿನ ‘ಗೋಟ್’ ಮಾಡಿ, ಅದರ ಹುಚ್ಚು ಹಿಡಿದವರೆಲ್ಲ ಅದನ್ನು ಆಡು ಅಂತಲೇ ಕರೆಯುವುದು. ನೆಡ್ರಾಳ ಅಣ್ಣ ವೆಂಡಲ್‌ನ ಆಡು ಹಸಿರು ಬಣ್ಣದ್ದು. ಟೊಮ್ಯಾಟೊ ಕಾರ್ಖಾನೆಯಲ್ಲಿ ಎರಡು ಬೇಸಿಗೆ ಬೆನ್ನು ಮುರಿದು ದುಡಿದು ತಂದಿದ್ದ, ಭಾನುವಾರ ಚರ್ಚಿಗೆ ಹೋಗುವ ಮುಂಚೆ ಅದರ ಮೈ ತೊಳೆದು ಆಮೇಲೆ ತನ್ನ ಮೈ ತೊಳೆಯುತ್ತಿದ್ದ. ಈ ಒಡಲಿನಲ್ಲಿ ಆ ಹಸಿರು ಎಲ್ಲೂ ಇರಲಿಲ್ಲ. ಲೀಲಂಡ್, ಓಡಿಸುವವನು ಕೂರುವ ಎಡಗಡೆಯ ಬಾಗಿಲ ಚೌಕಟ್ಟಿನ ಮೇಲೆ ಕೈ ಇಡಲು ಹೋದವನು ತಡೆದು, ಸುತ್ತಿ ಹೋಗಿ ಬಲಗಡೆ ಇಟ್ಟ. ನೆಡ್ರಾ ನೋಡುತ್ತಿದ್ದಳು, ಅಥವಾ ನೋಡುತ್ತಿರಲಿಲ್ಲ. ಹುಲ್ಲುಕಡ್ಡಿಯಿಂದ ಬೂಟಿನ ಮಣ್ಣು ಕೆದರುತ್ತಿದ್ದಳು.

ಊರಿಗೆ ಗೊತ್ತಿರುವುದು ಇಷ್ಟು. ಎಪ್ಪತ್ತಮೂರರ ಅಕ್ಟೋಬರಿನಲ್ಲಿ ಒಂದು ಸಂಜೆ ಆರ್ಲೋ ರಪ್‌ನ ಮಗ ವೆಂಡಲ್ ತನ್ನ ಆಡನ್ನು ಹುಚ್ಚಾಪಟ್ಟೆ ಓಡಿಸಿಕೊಂಡು ಹೋಗಿ ನದಿ ರಸ್ತೆಯ ತಿರುವಿನಲ್ಲಿ ಮೋರಿಗೆ ಗುದ್ದಿದ. ಇಬ್ಬರೂ ಹೊರಗೆ ಎಗರಿಬಿದ್ದರು. ವೆಂಡಲ್ ಅಲ್ಲೇ ಸತ್ತ. ಪಕ್ಕದಲ್ಲಿ ಕೂತಿದ್ದ ಗೆಳೆಯ ಲೀಲಂಡ್ ಬಲಮಂಡಿ ಪುಡಿಯಾಗಿ ಬದುಕಿದ. ಲೀಲಂಡನಿಗೆ ಗೊತ್ತಿರುವುದು ಬೇರೆ. ಓಡಿಸುತ್ತಿದ್ದದ್ದು ಲೀಲಂಡ್. ಅವನು ಆಡಿದ ಸುಳ್ಳು ಒಂದೇ ಪದದ್ದು. ಆಸ್ಪತ್ರೆಯ ಹಾಸಿಗೆಯ ಪಕ್ಕ ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ ಪೊಲೀಸಿನವನು ಉತ್ತರವನ್ನೂ ತಾನೇ ಹೊತ್ತು ತಂದಿದ್ದ: “ಓಡಿಸ್ತಿದ್ದಿದ್ದು ವೆಂಡಲ್ ತಾನೇ?” ಲೀಲಂಡ್ ಹೌದು ಅಂದ. ಯಾರಿಗೂ ಅನುಮಾನ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಆ ಊರಿನ ಹುಡುಗರು ಬೇಕಾದರೆ ಕೈ ಹಿಡಿಯುವ ಹುಡುಗಿಯನ್ನು ಬಿಟ್ಟುಕೊಟ್ಟಾರು, ಗಾಡಿಯ ಕೀಲಿಕೈಯನ್ನು ಇನ್ನೊಬ್ಬನಿಗೆ ಕೊಡುವುದುಂಟೇ? ವೆಂಡಲ್ ಕೊಟ್ಟಿದ್ದ. ಹಿಂದಿನ ದಿನ ಹುಲ್ಲಿನ ಪಿಂಡಿ ಎತ್ತುವಾಗ ಅವನ ಮಣಿಕಟ್ಟು ಉಳುಕಿತ್ತು. “ತಗೋ ಲಂಬೂ, ಇವತ್ತೊಂದಿನ ನೀನೇ ರಾಜ,” ಅಂತ ಎಸೆದಿದ್ದ. ಒಂದೇ ಒಂದು ಸಲ.

ಮೂರನೆಯ ದಿನ, ಮಗನನ್ನು ಮಣ್ಣು ಮಾಡಿ ಬಂದ ಬಟ್ಟೆಯಲ್ಲೇ, ವೆಂಡಲ್‌ನ ತಾಯಿ ಆಸ್ಪತ್ರೆಗೆ ಬಂದಳು. ಕೂರಲಿಲ್ಲ. ಲೀಲಂಡನ ಕೈಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡು, “ನನ್ನ ಮಗ ನಿನ್ನ ಕಾಲು ತೆಗೆದುಬಿಟ್ಟ ಕಂದಾ. ಅವನ ಪರವಾಗಿ ನಾನು ಕೇಳ್ತೀನಿ, ಕ್ಷಮಿಸ್ತೀಯಾ?” ಅಂದಳು. ಆ ಕೈಗಳು ಒದ್ದೆಯಾಗಿದ್ದವು. ಹತ್ತೊಂಬತ್ತು ವರ್ಷದ ಲೀಲಂಡ್ ಮೇಲೆ ಚಾವಣಿ ನೋಡಿದ, ಅಲ್ಲಿ ಏನೂ ಬರೆದಿರಲಿಲ್ಲ. ಪರವಾಗಿಲ್ಲ, ಅಂದ. ಅವನು ಆಮೇಲೆ ಮದುವೆಯಾದ, ಕಾರ್ಖಾನೆಯಲ್ಲಿ ಮೇಸ್ತ್ರಿಯಾದ, ನಿವೃತ್ತನಾದ. ಯಾವ ಕೆಲಸದ ಮಧ್ಯೆಯಾದರೂ, ಚಹಾ ಚಮಚೆ ತಿರುಗಿಸುವಾಗ, ಬೂಟಿನ ದಾರ ಕಟ್ಟುವಾಗ, ತಾನು ಆ ತಾಯಿಯನ್ನು ಕ್ಷಮಿಸಿದ್ದು ನೆನಪಾದರೆ ಮುಗಿಯಿತು, ಕೈ ನಿಂತುಬಿಡುತ್ತಿತ್ತು.

“ಇಂಡಿಯಾನಾದಿಂದ ಒಬ್ಬ ಬಂದಿದ್ದ,” ಅಂದಳು ನೆಡ್ರಾ. “ಬಿಡಿಭಾಗ ಬಿಚ್ಚಿ ಮಾರ್ತೀನಿ ಅಂದ. ಹೋಗಯ್ಯಾ ಅಂದೆ. ನೀನು ಫೋನ್ ಮಾಡಿದ್ದು ಒಳ್ಳೇದಾಯ್ತು.” ಲೀಲಂಡ್ ಫೋನ್ ಮಾಡಿದ್ದು ಕ್ಷೌರದಂಗಡಿಯಲ್ಲಿ ಆ ಇಂಡಿಯಾನಾದವನ ಸುದ್ದಿ ಕೇಳಿ. ಗೆಳೆಯನ ನೆನಪಿಗೆ ಗಾಡಿ ಪೂರ್ತಿ ಮಾಡುತ್ತೇನೆ ಅಂತ ನೆಡ್ರಾಳಿಗೆ ಹೇಳಿದ್ದ. ನಿಜ ಅದಲ್ಲ. ಆ ಗಾಡಿ ಬೇರೆಯವರ ಕೈಗೆ ಹೋಗಬಾರದು ಅನ್ನುವ ಒಂದು ಭಯ, ಯಾಕೆ ಅಂತ ಕೇಳಿದರೆ ಅವನಿಗೇ ಗೊತ್ತಿರದ ಭಯ. ಬರೀ ತಗಡು, ಅದು ಯಾರ ಮುಂದೆ ಏನು ಬಾಯಿ ಬಿಟ್ಟೀತು? ನೆಡ್ರಾ ಬೆಲೆಯ ಮಾತೇ ಎತ್ತಗೊಡಲಿಲ್ಲ, ಕೊಟ್ಟಷ್ಟು ಕೊಡು ಅಂದಳು. ಹೊರಡುವಾಗ ಮೂಲೆಯ ಗೂಡುಗಳನ್ನು ತೋರಿಸಿದಳು. ಗೂಡಿನ ತುಂಬ ಹಳೇ ಕಾಫಿ ಡಬ್ಬಿಗಳು, ಒಂದೊಂದರ ಮೇಲೂ ಕಾಗದದ ಅಂಟುಪಟ್ಟಿ, ಅದರ ಮೇಲೆ ಆರ್ಲೋ ರಪ್‌ನ ದಪ್ಪ ನೇರ ಅಕ್ಷರ. “ಇವೂ ನಿಂದೇ. ಅಪ್ಪ ಒಂದು ಬೋಲ್ಟೂ ಕಳೆದಿಲ್ಲ ನೋಡು. ಅಷ್ಟು ವರ್ಷ ಇಲ್ಲಿ ಕೂತು ಏನು ಮಾಡ್ತಿದ್ರೋ, ನಮ್ಮನ್ನ ಒಳಗೆ ಬಿಡ್ತಿರಲಿಲ್ಲ.”

ಮನೆಯಲ್ಲಿ ಡಾರ್ಲಾ ಅಂಗಳಕ್ಕೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಅವನ ಹೆಂಡತಿಯ ಬಾಯಿಗೆ ಬಿದ್ದರೆ ಪಾದ್ರಿಯೂ ಉಳಿಯುವುದಿಲ್ಲ. “ಇದೇನು ತಂದ್ಯೋ ಮಾರಾಯಾ, ಎಮ್ಮೆ ಸ್ನಾನ ಮಾಡಿಸೋ ತೊಟ್ಟಿನಾ?” ಅಂದಳು. ವೆಂಡಲ್‌ನದು ಅಂತ ತಿಳಿದಾಗ ಸುಮ್ಮನಾದಳು, ಹತ್ತಿರ ಬಂದು ಗಂಡನ ತೋಳು ಹಿಡಿದಳು. “ನಿನ್ನನ್ನ ಸಾಯಿಸೋಕೆ ಹೋದ ಗಾಡಿಗೆ ನೀನೇ ಆರೈಕೆ ಮಾಡ್ತೀಯಾ? ನಿನ್ನ ಮನಸ್ಸು ದೊಡ್ಡದು ಕಣೋ.” ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೂ ಅವನು ಹೇಳಿರಲಿಲ್ಲ. ಹೇಳಬಾರದು ಅಂತಲ್ಲ. ಅವಳು ಅವನನ್ನು ಮೆಚ್ಚಿದ್ದೇ ಆ ಕುಂಟು ಕಾಲು ನೋಡಿ, ಬೇರೆಯವರ ತಪ್ಪಿಗೆ ಕುಂಟುತ್ತಾ ಸತ್ತವನನ್ನು ಒಂದು ದಿನವೂ ದೂಷಿಸದ ಆ ಒಳ್ಳೆಯತನ ನೋಡಿ. ಅದನ್ನು ಕಿತ್ತು ಅವಳ ಕೈಗೆ ಕೊಟ್ಟರೆ ಉಳಿಯುವವನು ಯಾರು?

ಕೆಲಸ ಶುರುವಾಯಿತು. ಹಳೇ ಗಾಡಿ ಬಿಚ್ಚಿ ಕಟ್ಟುವವರಿಗೆ ಒಂದು ನಿಯಮ ಇದೆ, ಅದನ್ನು ಯಾರೂ ಮೀರುವುದಿಲ್ಲ: ತೆಗೆಯುವ ಮುಂಚೆ ಅದು ಹೇಗಿತ್ತೋ ಹಾಗೇ ಬರೆದಿಡಬೇಕು, ಕಟ್ಟುವಾಗ ಹಾಗೇ ಕಟ್ಟಬೇಕು. ಆರ್ಲೋ ಬರೆದಿಟ್ಟಿದ್ದ. ‘ಎಡ ಬಾಗಿಲ ಕೀಲು. ಮೇಲೆ ಮೂರು ವಾಷರ್ ಬಿಲ್ಲೆ, ಕೆಳಗೆ ಎರಡು. ಸಿಕ್ಕಿದ ಹಾಗೆ.’ ‘ಗಾಜು ಇಳಿಸುವ ಹಿಡಿ, ಎಡ. ಅರ್ಧ ಇಳಿಸಿತ್ತು. ಸಿಕ್ಕಿದ ಹಾಗೆ.’ ಪ್ರತಿ ಪಟ್ಟಿಯ ಕೊನೆಗೂ ಅದೇ ಎರಡು ಪದ, ಕೆಳಗೆ ತಾರೀಖು. ಮುದುಕ ಒಳ್ಳೆಯ ಕೆಲಸಗಾರ ಅಂತ ಲೀಲಂಡ್ ಮೊದಮೊದಲು ಮೆಚ್ಚಿಕೊಂಡ. ಆಮೇಲೆ ಸ್ವಲ್ಪ ಇರುಸುಮುರುಸಾಯಿತು. ಬೋಲ್ಟುಗಳು ಕೈಯಲ್ಲಿ ತಿರುಗಿಸಿದರೆ ಸಾಕು, ಸಲೀಸಾಗಿ ಒಳಗೆ ಹೋಗಿ ಕೂರುತ್ತಿದ್ದವು. ಮೋರಿಗೆ ಗುದ್ದಿ ಮಡಚಿಹೋಗಿದ್ದ ಗಾಡಿ, ನಲವತ್ತು ವರ್ಷದ ತುಕ್ಕು. ಒಂದಾದರೂ ಬೋಲ್ಟು ಹಟ ಮಾಡಬೇಕಲ್ಲ? ಯಾವುದೂ ಮಾಡಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಎಳೆಗಳೆಲ್ಲ ಸವೆದು ನುಣುಪಾಗಿದ್ದವು. ಒಂದು ಸಲ ಬಿಚ್ಚಿದ ಬೋಲ್ಟು ಹಾಗೆ ಸವೆಯುವುದಿಲ್ಲ. ಆ ಮುದುಕ ಗಾಡಿಯನ್ನು ಕಟ್ಟಿದ್ದಾನೆ, ಮತ್ತೆ ಬಿಚ್ಚಿದ್ದಾನೆ, ಮತ್ತೆ ಕಟ್ಟಿದ್ದಾನೆ. ಅವನಿಗೆ ಓಡುವ ಗಾಡಿ ಬೇಕಿರಲಿಲ್ಲ. ಅವನು ಕಟ್ಟುತ್ತಿದ್ದದ್ದು ಆ ಸಂಜೆಯನ್ನು. ಈ ಯೋಚನೆ ಬಂದಾಗ ಲೀಲಂಡ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಒಳಗೆ ಹೋಗಿ ಡಾರ್ಲಾಳ ಹತ್ತಿರ ಸುಮ್ಮನೆ ಕೂತು ಟೀವಿ ನೋಡಿದ.

ಡಿಸೆಂಬರಿನಲ್ಲಿ ದಿಂಬು ಸಿಕ್ಕಿತು. ದೊಡ್ಡ ಡಬ್ಬಿಯೊಳಗೆ, ಕಾಗದದಲ್ಲಿ ಸುತ್ತಿ. ಗೆರೆಗೆರೆ ಬಟ್ಟೆಯ ಚಪ್ಪಟೆ ದಿಂಬು, ತಾಯಿ ಹೊಲಿದುಕೊಟ್ಟದ್ದು. ರಪ್ ಮನೆಯವರೆಲ್ಲ ಗಿಡ್ಡ, ವೆಂಡಲ್ ಇನ್ನೂ ಗಿಡ್ಡ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು ಈ ದಿಂಬು ಹಾಕಿಕೊಂಡರೇ ಅವನಿಗೆ ರಸ್ತೆ ಕಾಣುತ್ತಿದ್ದದ್ದು. “ಏನೋ ವೆಂಡಲ್, ತೊಟ್ಟಿಲು ಮಗುನ ಸೀಟ್ ಮೇಲೆ ಕೂರ್ಸಿದ್ರಾ?” ಅಂತ ಪೆಟ್ರೋಲ್ ಬಂಕಿನಲ್ಲಿ ಹುಡುಗರು ಆಡಿಕೊಳ್ಳುತ್ತಿದ್ದರು, ಲೀಲಂಡ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಆ ಸಂಜೆ ಲೀಲಂಡನೇ ದಿಂಬನ್ನು ಕಿತ್ತು ಹಿಂದಕ್ಕೆಸೆದು, ಸೀಟನ್ನು ಹಿಂದಕ್ಕೆ ನೂಕಿ, ಕಾಲು ಚಾಚಿ ಕೂತಿದ್ದ. ಪಟ್ಟಿಯ ಮೇಲೆ ಬರೆದಿತ್ತು: ‘ದಿಂಬು. ಹಿಂದಿನ ಸೀಟಿನ ಅಡಿ. ಸಿಕ್ಕಿದ ಹಾಗೆ.’ ಲೀಲಂಡ್ ಅದನ್ನು ಮತ್ತೆ ಸುತ್ತಿಟ್ಟ, ಹೊರಗೆ ಹೋಗಿ ಉಸಿರೆಳೆದುಕೊಂಡ. ದಿಂಬು ಎಲ್ಲಿ ಬೇಕಾದರೂ ಹಾರಿಬೀಳಬಹುದು. ಗುದ್ದಿದ ರಭಸಕ್ಕೆ ಗಾಡಿಯೊಳಗಿನ ಒಂದು ವಸ್ತುವೂ ಇದ್ದ ಕಡೆ ಇರುವುದಿಲ್ಲ. ಈ ಸಮಾಧಾನ ಹೇಳುತ್ತಿದ್ದವನ ದನಿ ಒಬ್ಬ ವಕೀಲನದ್ದಾಗಿತ್ತು, ಅವನಿಗೇ ಅಸಹ್ಯವಾಯಿತು.

ಆಮೇಲೆ ಐವತ್ತೆಂಟನೆಯ ಡಬ್ಬಿ. ಅದರ ಮೇಲಿನ ಪಟ್ಟಿ ಬೇರೆಯವಕ್ಕಿಂತ ಉದ್ದ, ಡಬ್ಬಿಯ ಸುತ್ತ ಒಂದೂವರೆ ಸುತ್ತು ಬಂದಿತ್ತು. ‘ಎಡ ಸೀಟಿನ ಹಳಿ. ಕೊನೆಯ ಕಚ್ಚು. ಕಚ್ಚಿನ ಹಲ್ಲು ಮುರಿದಿಲ್ಲ. ಸಿಕ್ಕಿದ ಹಾಗೆ. ೧೪ ಮಾರ್ಚ್ ೧೯೮೧.’ ಅದರ ಕೆಳಗೆ ಬೇರೆ ಪೆನ್ನಿನಲ್ಲಿ: ‘ಮತ್ತೆ ನೋಡಿದೆ. ೧೯೮೪.’ ‘ಮತ್ತೆ ನೋಡಿದೆ. ೧೯೯೦.’ ‘ಮತ್ತೆ ನೋಡಿದೆ.’ ಹೀಗೇ ಸುತ್ತಿಕೊಂಡು ಹೋಗಿ, ಕೊನೆಯದರ ಅಕ್ಷರ ನಡುಗಿ ಅಂಟುಪಟ್ಟಿಯಿಂದ ಡಬ್ಬಿಯ ತಗಡಿನ ಮೇಲಕ್ಕೆ ಜಾರಿತ್ತು. ಕೊನೆಯ ಕಚ್ಚು ಅಂದರೆ ಸೀಟು ಪೂರ್ತಿ ಹಿಂದೆ. ಹಲ್ಲು ಮುರಿದಿಲ್ಲ ಅಂದರೆ ಅದು ಜಾರಿದ್ದಲ್ಲ, ಯಾರೋ ಅಲ್ಲಿ ಕೂರಿಸಿದ್ದು. ವೆಂಡಲ್ ಅಲ್ಲಿ ಕೂತರೆ ಅವನ ಕಾಲು ಬ್ರೇಕಿಗೆ ಎಟುಕುವುದಿಲ್ಲ. ಮುದುಕನಿಗೆ ಗೊತ್ತಿತ್ತು. ಎಂಬತ್ತೊಂದರಿಂದಲೇ ಗೊತ್ತಿತ್ತು.

ಲೀಲಂಡನಿಗೆ ಆಗ ಹೊಳೆದದ್ದು ಹಿಮ. ಅಪಘಾತದ ಆ ಚಳಿಗಾಲದಿಂದ, ಪ್ರತಿ ಸಲ ಹಿಮ ಬಿದ್ದ ಮಾರನೆಯ ಬೆಳಿಗ್ಗೆ, ಆರ್ಲೋ ರಪ್ ಟ್ರ್ಯಾಕ್ಟರಿಗೆ ಅಲಗು ಕಟ್ಟಿಕೊಂಡು ಎರಡು ಮೈಲಿ ಬಂದು ಲೀಲಂಡನ ಮನೆಯ ದಾರಿಯ ಹಿಮ ಬಳಿದು ಹೋಗುತ್ತಿದ್ದ. ಒಂದು ಮಾತಿಲ್ಲ, ಕಾಫಿಗೆ ಕರೆದರೆ ಒಳಗೆ ಬರುವುದಿಲ್ಲ. ತಲೆ ತಗ್ಗಿಸಿ ಬರುವುದು, ತಲೆ ತಗ್ಗಿಸಿ ಹೋಗುವುದು. ಮಗ ಮುರಿದ ಕಾಲಿಗೆ ಅಪ್ಪ ಸಲ್ಲಿಸುವ ಸೇವೆ ಅಂತ ಊರೆಲ್ಲ ಕಣ್ಣು ಒರೆಸಿಕೊಂಡಿತ್ತು. ಕೆಲವು ವರ್ಷಗಳಾದ ಮೇಲೆ ಮುದುಕ ತಲೆ ಎತ್ತತೊಡಗಿದ. ಕೆಲಸ ಮುಗಿಸಿ, ಟ್ರ್ಯಾಕ್ಟರನ್ನು ದಾರಿಯ ತುದಿಯಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ, ಅಡುಗೆಮನೆಯ ಕಿಟಕಿಯನ್ನು ನೋಡುತ್ತ ಕೂರುತ್ತಿದ್ದ. ಐದು ನಿಮಿಷ, ಕೆಲವು ಸಲ ಹತ್ತು. ಒಳಗಿನಿಂದ ಲೀಲಂಡ್ ಕೈ ಬೀಸುತ್ತಿದ್ದ. ಮುದುಕ ಬೀಸುತ್ತಿರಲಿಲ್ಲ. ದುಃಖ ಕಡಿಮೆಯಾಗಿದೆ, ಪಾಪ, ಈಗ ಮುಖ ನೋಡುವಷ್ಟಾಗಿದ್ದಾನೆ ಅಂತ ಡಾರ್ಲಾ ಅನ್ನುತ್ತಿದ್ದಳು. ಅದು ಎಂಬತ್ತೊಂದರ ಆಚೆಯೋ ಈಚೆಯೋ? ಮಗಳು ಹುಟ್ಟಿದ ಮೇಲೆ. ಮಗಳು ಹುಟ್ಟಿದ್ದು ಎಂಬತ್ತೊಂದರ ಜೂನ್. ಲೀಲಂಡ್ ಗ್ಯಾರೇಜಿನ ಸಿಮೆಂಟಿನ ಮೇಲೆ ಕೂತುಬಿಟ್ಟ. ಕಣ್ಣು ಕಾಣದಾಗುವವರೆಗೆ, ಇನ್ನೂ ಇಪ್ಪತ್ತೇಳು ಚಳಿಗಾಲ, ಎಲ್ಲ ಗೊತ್ತಿದ್ದೂ ಆ ಮನುಷ್ಯ ಬಂದು ತನ್ನ ಅಂಗಳದ ಹಿಮ ಬಳಿದಿದ್ದಾನೆ. ಕಿಟಕಿ ನೋಡುತ್ತ ಕಾದಿದ್ದಾನೆ. ಇವನು ಕೈ ಬೀಸಿದ್ದಾನೆ.

ಪಟ್ಟಿಯನ್ನು ಕಿತ್ತು ಒಲೆಗೆ ಹಾಕಬೇಕು ಅಂತ ಅಂಗಿಯ ಜೇಬಿಗೆ ಹಾಕಿಕೊಂಡ. ಒಲೆಗೆ ಹಾಕಲಿಲ್ಲ. ನಾಲ್ಕು ದಿನ ಜೇಬಿನಲ್ಲೇ ಇತ್ತು. ಐದನೆಯ ದಿನ ಬಟ್ಟೆ ಒಗೆಯಲು ತೆಗೆದ ಡಾರ್ಲಾ ಅದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಬಂದಳು. “ಕೊನೆಯ ಕಚ್ಚು, ಮತ್ತೆ ನೋಡಿದೆ, ಮತ್ತೆ ನೋಡಿದೆ! ಯಾರಿಗಪ್ಪಾ ಈ ವಯಸ್ಸಲ್ಲಿ ಪ್ರೇಮಪತ್ರ?” ಅಂತ ನಕ್ಕಳು. ಲೀಲಂಡ್ ಪಟ್ಟಿಗೆ ಕೈ ಚಾಚಿದ. “ಅದು ಆರ್ಲೋದು, ಡಬ್ಬಿ ಮೇಲಿಂದು,” ಅಂದ. “ಹೋಗೋ, ನನಗೆ ಹೇಳ್ತೀಯಾ? ಇದು ನಿನ್ನ ಬರಹ,” ಅಂದಳು ಅವಳು. ಫ್ರಿಜ್ಜಿಗೆ ಅಂಟಿಸಿದ್ದ ಸಾಮಾನಿನ ಪಟ್ಟಿ ತಂದು ಪಕ್ಕದಲ್ಲಿ ಹಿಡಿದಳು. ಹಾಲು, ಬಲ್ಬು, ಎಣ್ಣೆ ಅಂತ ಅವನೇ ನಿನ್ನೆ ಬರೆದದ್ದು. ಅದೇ ದಪ್ಪ, ಅದೇ ನೇರ. ಓಡುವ ಓರೆ ಅಕ್ಷರ ಅವನದು, ಬರೆಯಲು ಕಲಿತಾಗಿನಿಂದ. ಅದು ಯಾವಾಗ ಎದ್ದು ನಿಂತಿತು? ಅವನು ಪೆನ್ನು ತೆಗೆದುಕೊಂಡು ಕಾಗದದ ಅಂಚಿನಲ್ಲಿ ತನ್ನ ಹೆಸರು ಬರೆದು ನೋಡಿದ. ಆರ್ಲೋ ರಪ್ ಅವನ ಹೆಸರನ್ನು ಬರೆದ ಹಾಗಿತ್ತು.

ಜನವರಿ ಎರಡನೆಯ ವಾರ ಮೊಣಕಾಲುದ್ದ ಹಿಮ ಬಿತ್ತು. ಬೆಳಿಗ್ಗೆ ಎಂಟಕ್ಕೆ ಎದ್ದು ಅಡುಗೆಮನೆಗೆ ಬಂದ ಲೀಲಂಡ್ ಕಿಟಕಿಯಾಚೆ ನೋಡಿ ಕಾಫಿ ಲೋಟವನ್ನು ಮೇಜಿನ ಮೇಲೆ ಇಡಲು ಹೋಗಿ ಗಾಳಿಯಲ್ಲಿಟ್ಟ. ಅದು ಬಿದ್ದು ಚೂರಾಯಿತು. ದಾರಿಯ ಹಿಮ ಬಳಿದಿತ್ತು. ಎರಡೂ ಅಂಚು ಕತ್ತರಿಸಿದ ಹಾಗೆ ನೇರ. ತುದಿಯಲ್ಲಿ ಕೆಂಪು ಟ್ರ್ಯಾಕ್ಟರ್ ನಿಂತಿತ್ತು, ಎಂಜಿನ್ ಆರಿಸಿರಲಿಲ್ಲ, ಹೊಗೆ ನೇರವಾಗಿ ಮೇಲೇರುತ್ತಿತ್ತು. ಅದರ ಮೇಲೆ ಕಂದು ಕೋಟು, ಕಿವಿ ಮುಚ್ಚುವ ಟೋಪಿಯ ಗಿಡ್ಡ ಆಕಾರ ಕೂತು ಕಿಟಕಿಯತ್ತಲೇ ನೋಡುತ್ತಿತ್ತು. ಲೀಲಂಡನ ಕೈ ಅಭ್ಯಾಸಬಲದಿಂದ ಅರ್ಧಕ್ಕೆ ಎದ್ದಿತು. ಏಳಬೇಡ, ಏಳಬೇಡ, ಅಂತ ಅವನು ಆ ಕೈಗೆ ಹೇಳಿಕೊಂಡ. ಆಕಾರ ಕೈ ಎತ್ತಿ ಬೀಸಿತು.

ಅದು ನೆಡ್ರಾ. ಅಪ್ಪನ ಕೋಟು ಹಾಕಿಕೊಂಡು ಬಂದಿದ್ದಳು. ಬೂಟು ಬಡಿದುಕೊಂಡು ಒಳಗೆ ಬಂದವಳ ಮೂಗು ಕೆಂಪಾಗಿತ್ತು. “ಅಯ್ಯೋ ಇದೇನು ಲೀಲಂಡ್, ದೆವ್ವ ಕಂಡೋನ ಥರ ನಿಂತಿದೀಯ! ಹೇಳದೆ ಬಂದು ಹೆದರಿಸ್ದೆ, ತಪ್ಪಾಯ್ತು ಮಾರಾಯಾ,” ಅಂದಳು. ಮತ್ತೆ ಕ್ಷಮೆ. ಡಾರ್ಲಾ ಅವಳನ್ನು ಒಲೆಯ ಪಕ್ಕ ಕೂರಿಸಿ, ಈ ಚಳಿಯಲ್ಲಿ ನಿನಗೇನು ತಲೆ ಕೆಟ್ಟಿದೆಯಾ, ಅರವತ್ತು ವರ್ಷದ ಹೆಂಗಸು ಟ್ರ್ಯಾಕ್ಟರ್ ಹತ್ತಿ ಬರುವುದಾ ಅಂತ ಬೈದಳು. “ಅಪ್ಪನ ಕಡೇ ಮಾತು ಕಣೆ,” ಅಂದಳು ನೆಡ್ರಾ, ಲೋಟದ ಸುತ್ತ ಕೈ ಬೆಚ್ಚಗೆ ಮಾಡಿಕೊಳ್ಳುತ್ತ. “ಮಾತು ನಿಂತುಹೋಗೋ ಮುಂಚೆ ನನ್ನ ಕೈ ಹಿಡ್ಕೊಂಡು ಅದೊಂದೇ ಹೇಳಿದ್ದು. ಲೀಲಂಡನ್ನ ಬಿಡಬೇಡ, ಅಂದ್ರು. ಎರಡು ಸಲ ಅಂದ್ರು. ನಮ್ಮಿಂದ ಆಗಿದ್ದಕ್ಕೆ ನಾವಲ್ದೆ ಇನ್ಯಾರು ನೋಡ್ಕೊಳ್ಳೋರು?” ಡಾರ್ಲಾಳ ಕಣ್ಣು ತುಂಬಿತು. ಲೀಲಂಡ್ ಬಗ್ಗಿ ಒಡೆದ ಲೋಟದ ಚೂರು ಹೆಕ್ಕುತ್ತಿದ್ದ. ಬಿಡಬೇಡ. ಆ ಹೆಣ್ಣುಮಗಳು ಅದನ್ನು ಕೈಬಿಡಬೇಡ ಅಂತ ಕೇಳಿಸಿಕೊಂಡಿದ್ದಾಳೆ. ಮುದುಕ ಹೇಳಿದ್ದು ಅದೇ ಇರಬಹುದು. ಸುಮ್ಮನೆ ಬಿಡಬೇಡ ಅಂತಲೂ ಇರಬಹುದು. ಬೆರಳಿಗೆ ಚೂರು ಹೊಕ್ಕು ರಕ್ತ ಬಂದದ್ದು ಅವನಿಗೆ ಡಾರ್ಲಾ ಕೂಗಿದ ಮೇಲೆ ಗೊತ್ತಾಯಿತು.

ಆ ದಿನದಿಂದ ಅವನಿಗೆ ಹೇಳಬೇಕು ಅನ್ನುವುದು ಹಸಿವಿನ ಹಾಗೆ ಹತ್ತಿಕೊಂಡಿತು. ಹಿಂದೆಯೂ ಇತ್ತು, ಆದರೆ ತಾನು ಬೇಯುತ್ತಿದ್ದೇನಲ್ಲ, ಅಷ್ಟು ಸಾಲದೇ ಅಂತ ತಳ್ಳಿಕೊಂಡು ಬಂದಿದ್ದ. ಈಗ ಕಣ್ಣೆದುರಿಗೆ ಅರವತ್ತು ವರ್ಷದ ಹೆಂಗಸೊಬ್ಬಳು ಇವನ ತಪ್ಪಿಗೆ ಇವನಿಗೇ ಚಾಕರಿ ಮಾಡುತ್ತಿದ್ದಾಳೆ. ಅವಳು ಸತ್ತರೆ ಅವಳ ಮಕ್ಕಳಿಗೂ ಹೇಳಿ ಸಾಯುತ್ತಾಳೆ. ಫೆಬ್ರವರಿಯಲ್ಲಿ ಎರಡು ಸಲ ನೆಡ್ರಾಳ ಮನೆಯವರೆಗೆ ಹೋಗಿ, ಅಂಚೆ ಡಬ್ಬಿಯ ಹತ್ತಿರ ಗಾಡಿ ನಿಲ್ಲಿಸಿ, ವಾಪಸು ಬಂದ. ಮೂರನೆಯ ಸಲ ಬಾಗಿಲವರೆಗೆ ಹೋದ. ಅವಳು ತೆಗೆದಳು. “ಬಾಗಿಲ ರಬ್ಬರು ಇದೆಯಾ ಕೇಳೋಣ ಅಂತ ಬಂದೆ,” ಅಂದ. ತೀರಾ ಹೇಡಿಯೂ ಇಷ್ಟು ಸುಲಭಕ್ಕೆ ಸುಳ್ಳು ಹೇಳಲಾರ. ಅವಳು ಅರ್ಧ ಗಂಟೆ ಹುಡುಕಿಕೊಟ್ಟಳು.

ಮಾರ್ಚ್ ಕೊನೆಗೆ ಸೀಟುಗಳು ಹೊಸ ಕಪ್ಪು ಹೊದಿಕೆ ಹಾಕಿಸಿಕೊಂಡು ಬಂದವು. ಒಂದು ಮಧ್ಯಾಹ್ನ, ಯೋಚನೆ ಎಲ್ಲೋ ಇಟ್ಟುಕೊಂಡು, ಅವನು ಎಡ ಸೀಟಿನ ಹಳಿಯನ್ನು ಬಿಗಿದ. ಬಿಗಿದು ಮುಗಿದ ಮೇಲೆ ನೋಡಿದರೆ ಕೊನೆಯ ಕಚ್ಚಿನಲ್ಲಿ ಕೂರಿಸಿದ್ದ. ಪಟ್ಟಿ ನೋಡಿ ಮಾಡಿದ್ದಲ್ಲ. ಕೈಗೆ ನಿಯಮ ಗೊತ್ತು, ಅದು ತನ್ನ ಪಾಡಿಗೆ ತಾನು ಮಾಡಿತು. ಒಳಗೆ ಕೂತು ನೋಡಿದ. ಮಂಡಿ, ತೊಡೆ, ಬೆನ್ನು, ಎಲ್ಲ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಸರಿಹೋಯಿತು. ಗಾಳಿಯಿಲ್ಲದ ಗ್ಯಾರೇಜಿನಲ್ಲಿ ಎಡಗಿವಿಗೆ ತಣ್ಣಗೆ ಬೀಸಿದಂತಾಯಿತು, ಕಿಟಕಿ ಅರ್ಧ ಇಳಿಸಿದಾಗ ಬೀಸುವ ಹಾಗೆ. ಪಕ್ಕದ ಸೀಟಿನ ಕಡೆ ತಿರುಗಲು ಧೈರ್ಯವಾಗಲಿಲ್ಲ. ಇಳಿದು ಬಂದು ಎಡ ಸೀಟನ್ನು ಮುಂದಕ್ಕೆ ಎಳೆಯೋಣ ಅಂತ ಅದರಡಿಯ ಸನ್ನೆಕೋಲಿಗೆ ಕೈ ಹಾಕಿದ. ಹೊರಗೆ ಟ್ರ್ಯಾಕ್ಟರ್ ಸದ್ದು ಕೇಳಿಸಿತು. ಬಾಗಿಲು ತೆರೆದು ನೋಡಿದ. ಕರಗಿದ ಹಿಮ, ಒದ್ದೆ ಹುಲ್ಲು, ಖಾಲಿ ರಸ್ತೆ. ಮಾರನೆಯ ದಿನ ಮತ್ತೆ ಸನ್ನೆಗೆ ಕೈ ಹಾಕಿದ, ಮತ್ತೆ ಅದೇ ಸದ್ದು. “ಏನಂತೆ ನಿನ್ನ ಆಡು, ಇವತ್ತಾದ್ರೂ ಬಾಯಿ ಬಿಡ್ತಾ?” ಅಂತ ಡಾರ್ಲಾ ಊಟಕ್ಕೆ ಕರೆಯುತ್ತಾ ಕೇಳಿದಳು. ಅವನು ಸನ್ನೆಯ ತಂಟೆಗೆ ಹೋಗುವುದನ್ನೇ ಬಿಟ್ಟ.

ಏಪ್ರಿಲ್‌ನಲ್ಲಿ ಒಂದು ಭಾನುವಾರ, ಚರ್ಚು ಮುಗಿಸಿಕೊಂಡು ನೆಡ್ರಾ ಬಂದಳು. ನೀಲಿ ಬಟ್ಟೆ, ಕೈಯಲ್ಲಿ ಚರ್ಚಿನ ಕೈಚೀಲ. ಡಾರ್ಲಾ ಕಾಫಿಗೆ ಇಟ್ಟಳು. “ಮೊದಲು ಅದನ್ನ ನೋಡಿ ಬರ್ತೀನಿ,” ಅಂತ ನೆಡ್ರಾ ನೇರ ಗ್ಯಾರೇಜಿಗೆ ನಡೆದಳು, ಲೀಲಂಡ್ ಕುಂಟುತ್ತ ಹಿಂದೆ ಹೋದ. ದೊಡ್ಡ ಬಾಗಿಲು ಮೇಲೆತ್ತಿತ್ತು, ಬಿಸಿಲು ಒಳಗೆ ಬಿದ್ದಿತ್ತು. ಗಾಡಿಗೆ ಹಸಿರು ಬಂದಿತ್ತು. ನೆಡ್ರಾ ಬಾಯಿಗೆ ಕೈಯಿಟ್ಟು ನಿಂತಳು. ಆಮೇಲೆ, ಲೀಲಂಡ್ ಏನಾಗುತ್ತಿದೆ ಅಂತ ತಿಳಿಯುವಷ್ಟರಲ್ಲಿ, ಎಡಗಡೆಯ ಬಾಗಿಲು ತೆಗೆದು ಒಳಗೆ ಕೂತಳು. “ಒಂದ್ಸಲ, ಒಂದೇ ಸಲ ಕೂತ್ಕೋತೀನಿ,” ಅಂದಳು. “ಅವನು ಕೊನೇಗೆ ಕೂತ ಜಾಗ. ನಲವತ್ತು ವರ್ಷದಿಂದ ಇಲ್ಲಿ ಕೂರಬೇಕು ಅಂತ ಆಸೆ, ಅಪ್ಪ ಬಿಡಲಿಲ್ಲ.” ಎರಡೂ ಕೈ ಸ್ಟಿಯರಿಂಗ್ ಚಕ್ರದ ಮೇಲಿಟ್ಟು ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು, ಪ್ರಾರ್ಥನೆಯೋ, ತಮ್ಮನ ಹೆಸರೋ. ವೆಂಡಲ್ ಅವಳ ಅಣ್ಣ, ಆದರೆ ಹತ್ತೊಂಬತ್ತಕ್ಕೇ ನಿಂತುಹೋದವನು; ಈಗ ಅವಳು ಅವನನ್ನು ತಮ್ಮ ಅಂತಲೇ ಕರೆಯುತ್ತಿದ್ದಳು.

ಕಣ್ಣು ಬಿಟ್ಟವಳು ಕೆಳಗೆ ನೋಡಿಕೊಂಡಳು. ಬೂಟಿನ ತುದಿ ಗಾಳಿಯಲ್ಲಿತ್ತು. “ಕಾಲೇ ಎಟುಕಲ್ಲ ನೋಡು,” ಅಂತ ನಕ್ಕಳು, ಕಣ್ಣು ಒರೆಸಿಕೊಂಡಳು. “ನೀನು ಬಿಗಿದಿದ್ದು ಅಲ್ವಾ, ನಿನ್ನ ಅಳತೆಗೆ ಬಿಗಿದಿದೀಯ. ಮುಂದಕ್ಕೆ ಎಳ್ಕೋತೀನಿ, ಇರು.” ಬಗ್ಗಿ ಸನ್ನೆ ಹುಡುಕಿದಳು. ಇವನಿಗೆ ಗೊತ್ತು, ಈಗ ಸುಮ್ಮನಿದ್ದರೆ ಸೀಟು ಮುಂದಕ್ಕೆ ಹೋಗುತ್ತದೆ, ಕಚ್ಚಿನಲ್ಲಿ ಕೂರುತ್ತದೆ, ಮುಗಿಯಿತು. ಕಾಫಿ ಕುಡಿದು ಹೋಗುತ್ತಾಳೆ, ಬರುವ ಚಳಿಗಾಲ ಹಿಮ ಬಳಿಯಲು ಬರುತ್ತಾಳೆ. ಈ ಬೆಳಗ್ಗೆ ಸದ್ದು ಎಲ್ಲೂ ಇರಲಿಲ್ಲ, ಟ್ರ್ಯಾಕ್ಟರೂ ಇಲ್ಲ, ಹಕ್ಕಿಯೂ ಇಲ್ಲ.

“ಎಳೀಬೇಡ,” ಅಂದ.

ಅವಳು ಬಗ್ಗಿದಲ್ಲಿಂದಲೇ ತಲೆ ಎತ್ತಿದಳು.

“ಅದು ಅವನ ಜಾಗ ಅಲ್ಲ ನೆಡ್ರಾ. ಅವತ್ತು ಅಲ್ಲಿ ಕೂತಿದ್ದು ನಾನು. ಅವನ ಕೈ ಉಳುಕಿತ್ತು, ಕೀಲಿಕೈ ನಂಗೆ ಕೊಟ್ಟ. ಅವನು ಆ ಕಡೆ ಇದ್ದ.”

ನೆಡ್ರಾ ನೆಟ್ಟಗೆ ಕೂತಳು. ಕೈಗಳನ್ನು ಒಂದೊಂದಾಗಿ ನೀಲಿ ಬಟ್ಟೆಗೆ ಒರೆಸಿಕೊಂಡಳು, ಎಣ್ಣೆ ಮೆತ್ತಿದ್ದರೆ ಒರೆಸಿಕೊಳ್ಳುವ ಹಾಗೆ. ಬೈಯಲಿ, ಹೊಡೆಯಲಿ, ಊರಿಗೆಲ್ಲ ಸಾರಲಿ ಅಂತ ಲೀಲಂಡ್ ಕಾದ. ಅವಳು ಇಳಿದಳು. ಗಾಡಿಯ ಮುಂದಿನಿಂದ ಸುತ್ತಿ ಬಂದು ಬಲಗಡೆಯ ಬಾಗಿಲು ತೆಗೆದು ಕೂತಳು, ಮೆಲ್ಲಗೆ ಬಾಗಿಲು ಎಳೆದುಕೊಂಡಳು. ಮನೆಯ ಕಡೆಯಿಂದ ಡಾರ್ಲಾ ಕೂಗಿದಳು: “ಕಾಫಿ ಆರ್ತಿದೆ ಕಣ್ರೋ, ಬರ್ತೀರಾ ಇಲ್ವಾ?”

“ಬಂದ್ವಿ ಡಾರ್ಲಾ, ಒಂದೈದು ನಿಮಿಷ,” ಅಂತ ನೆಡ್ರಾ ಮಾಮೂಲಿ ದನಿಯಲ್ಲೇ ಉತ್ತರ ಕೊಟ್ಟಳು. ಆಮೇಲೆ ಇವನ ಕಡೆ ನೋಡದೆ, ಮುಂದಿನ ಗಾಜಿನಾಚೆ ನೋಡುತ್ತ ಕೇಳಿದಳು. “ಇಲ್ಲಿ ಕೂತು ಅವನು ಏನಾದ್ರೂ ಅಂದನಾ?”

ಇದೊಂದನ್ನು ಲೀಲಂಡ್ ತನಗೆ ತಾನೂ ಹೇಳಿಕೊಂಡವನಲ್ಲ. “ಅಂದ.”

“ಏನಂದ?”

“ನಿಧಾನ, ಅಂದ. ತಿರುವಿಗೆ ಮುಂಚೆ. ನಾನು ನಕ್ಕೆ. ಇನ್ನೊಂದ್ಸಲ ಅಂದ, ನಿಧಾನ ಹೋಗೋ, ಅಂತ.”

ನೆಡ್ರಾ ತಲೆಯಾಡಿಸಿದಳು. ತೊಡೆಯ ಮೇಲಿನ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿದಳು, ತೆಗೆದು ಹಾಕಿದಳು.

“ಅಮ್ಮ ಸಾಯೋವರೆಗೂ ಪ್ರತಿ ಭಾನುವಾರ ಅವನ ಗೋರಿ ಹತ್ರ ಹೋಗಿ ಬೈತಿದ್ರು,” ಅಂದಳು. “ಯಾಕೋ ಅಷ್ಟು ಜೋರಾಗಿ ಓಡಿಸ್ದೆ, ಅಂತ.”